ಬಡಗಣ ಬಾಗಿಲ ಗೋಡೆ

ಒಂದು ಊರು. ನಡುಮಧ್ಯಾಹ್ನ. ಊರಿನ ಅಷ್ಟೂ ಜನ, ಕೋಳಿ ಕುರಿ ಹಾಸಿಗೆ ಪಾತ್ರೆ ಸಮೇತ, ಎದುರಿನ ದಿಬ್ಬ ಹತ್ತಿ ಕೂತು ತಮ್ಮದೇ ಇಗರ್ಜಿಯ, ಆ ಹಳೆಯ ಚರ್ಚಿನ, ಕಡೆ ಕಣ್ಣು ನೆಟ್ಟಿದ್ದಾರೆ. ಕೆಳಗೆ ಇಗರ್ಜಿಯಲ್ಲಿ ಉಳಿದಿರುವವರು ನಾಲ್ಕೇ ಜನ, ಅವರಲ್ಲಿ ಒಬ್ಬಳಿಗೆ ಹನ್ನೊಂದು ದಿನದ ವಯಸ್ಸು. ಏನಾಗಿರಬಹುದು, ಊಹಿಸಿ ನೋಡೋಣ? ದಂಡು ಬಂತೇ? ಅಲ್ಲ. ಬೆಂಕಿಯೇ? ಅಲ್ಲ. ದಿಬ್ಬ ಹತ್ತಿದ್ದಾರೆ ಅಂದಮೇಲೆ ನೆರೆ ಬಂದಿರಬೇಕು ಅನ್ನುತ್ತೀರಿ, ಸಹಜ. ಆದರೆ ಆ ಊರಿನ ಹೊಳೆ ಮೊಣಕಾಲಿನಿಂದ ಮೇಲಕ್ಕೆ ಬಂದದ್ದೇ ಇಲ್ಲ. ಸೋತಿರಾ? ಹಾಗಾದರೆ ಇಗರ್ಜಿಯಿಂದಲೇ ಶುರು ಮಾಡಬೇಕು, ಮತ್ತು ಇಗರ್ಜಿಯ ವಿಷಯ ಒಮ್ಮೆ ಶುರುವಾದರೆ ಬೇಗ ಮುಗಿಯುವಂಥದ್ದಲ್ಲ.

ಅದಕ್ಕೆ ಎಂಟು ನೂರು ವರ್ಷ. ಮೊದಲು ಕಟ್ಟಿದವರು ಹೊಳೆಯ ಕಲ್ಲುಗಳನ್ನು ಉರುಳಿಸಿಕೊಂಡು ಬಂದು, ಒಂದು ಎತ್ತು ಅಡ್ಡ ಮಲಗುವಷ್ಟು ದಪ್ಪದ ಗೋಡೆ ಎಬ್ಬಿಸಿ, ಬೆಳಕಿಗೂ ಹೆದರಿದವರ ಹಾಗೆ ಗೇಣಗಲದ ಕಿಟಕಿಗಳನ್ನು ಬಿಟ್ಟು, ಅರ್ಧಚಂದ್ರನಂಥ ದುಂಡು ಕಮಾನುಗಳನ್ನು ತಿರುಗಿಸಿದರು. ಅವರ ಮರಿಮಕ್ಕಳಿಗೆ ದುಂಡು ಬೇಸರವಾಯಿತು. ಅವರು ಮುಗಿದ ಕೈಯಂಥ ಮೊನಚು ಕಮಾನುಗಳನ್ನು ಎತ್ತಿದರು. ಒಳಗೆ ಎಡಗಡೆ ಐದು ಕಂಬಗಳಿವೆ. ಮೂರು ಗುಂಡಗಿವೆ, ಉಳಿದೆರಡು ಎಂಟು ಮೂಲೆಯವು. ಯಾಕೆ? ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ ಒಂದು ಮಹಾಮಾರಿ ಬಂದುಹೋಯಿತು. ಗುಂಡುಕಂಬ ಕೆತ್ತಲು ಬರುತ್ತಿದ್ದವರೆಲ್ಲ ಸತ್ತರು. ಉಳಿದವರು ತಮಗೆ ಬಂದ ಹಾಗೆ ಕೆತ್ತಿದರು. ತಲೆಯ ಮೇಲಿನ ಮಾಡು ಓಕ್ ಮರದ್ದು, ದೋಣಿ ಕಟ್ಟುವವರು ಬಂದು ಹೊಂದಿಸಿದ್ದು. ಕತ್ತೆತ್ತಿದರೆ ಮಗುಚಿದ ಹಡಗಿನ ಅಡಿಯಲ್ಲಿ ನಿಂತ ಹಾಗಿರುತ್ತದೆ. ಪೂಜಾಪೀಠವಿರುವ ಬದಿ ತುಸು ಎಡಕ್ಕೆ ವಾಲಿದೆ. ಶಿಲುಬೆಯ ಮೇಲೆ ವಾಲಿದ ತಲೆಯ ಗುರುತು ಅದು ಎಂದು ಪಾದ್ರಿ ಹೇಳುತ್ತಿದ್ದರು; ಅಳತೆಯ ನೂಲು ಹಿಡಿದವನು ಅವತ್ತು ಕುಡಿದಿದ್ದ ಎಂದು ಕಲ್ಲುಕುಟಿಗ ಹೇಳುತ್ತಿದ್ದ. ಇಬ್ಬರದ್ದೂ ಸರಿಯಿರಬಹುದು. ನಡುವೆ ಯಾವುದೋ ಕಾಲದಲ್ಲಿ ಯಾರೋ ಬಂದು ಸಂತರ ಪ್ರತಿಮೆಗಳ ಮೂಗುಗಳನ್ನೆಲ್ಲ ಒಡೆದು, ಗೋಡೆಯ ಚಿತ್ರಗಳಿಗೆ ಸುಣ್ಣ ಬಳಿದು ಹೋದರು. ಇಗರ್ಜಿ ಅದನ್ನೂ ತಡೆದುಕೊಂಡಿತು.

ಇನ್ನು ಬಾಗಿಲುಗಳು. ಎರಡೇ. ತೆಂಕಣ ಬಾಗಿಲು ಜನರಿಗೆ. ಬಡಗಣ ಬಾಗಿಲಿನಿಂದ ಯಾರೂ ಬರುವ ಹಾಗಿಲ್ಲ, ಯಾರೂ ಹೋಗುವ ಹಾಗಿಲ್ಲ. ಗೋಪುರದ ಬುಡದಲ್ಲಿದ್ದ ಆ ಬಾಗಿಲು ತೆರೆಯುತ್ತಿದ್ದುದು ಮಗುವಿಗೆ ಹೆಸರಿಡುವ ಹೊತ್ತಿನಲ್ಲಿ ಮಾತ್ರ. ಕಲ್ಲುತೊಟ್ಟಿಯ ನೀರು ಮಗುವಿನ ನೆತ್ತಿಯ ಮೇಲೆ ಬಿದ್ದೊಡನೆ, ಮಗುವಿನದಲ್ಲದ್ದು ಏನೇನು ಅದರೊಳಗೆ ಸೇರಿಕೊಂಡಿರುತ್ತದೋ ಅದೆಲ್ಲ ಎದ್ದು ಬಡಗಣ ಬಾಗಿಲಿನಿಂದ ಹೊರಟುಹೋಗಬೇಕು. ಬಾಗಿಲು ಮುಚ್ಚಿದ್ದರೆ ಹೆಸರಿಡುವಂತಿಲ್ಲ. ಇದು ಆ ಊರಿನ ಕಟ್ಟಳೆ. ಹೆಸರಿದ್ದವರನ್ನು ಇಗರ್ಜಿಯ ಅಂಗಳದಲ್ಲಿ ಹೂಳುತ್ತಾರೆ. ಹೆಸರಿಲ್ಲದವರನ್ನು ಹೊಳೆಯಾಚೆ ಹೂಳಬೇಕು, ಗುರುತು ಇಡಬಾರದು. ಹೆಸರಿಲ್ಲದವರಿಗಾಗಿ ಅಳಲೂಬಾರದು. ಅಳುವುದೆಂದರೆ ಕರೆಯುವುದು ತಾನೆ? ಏನೆಂದು ಕರೆಯುತ್ತೀರಿ?

ಎಲ್ಲ ಸರಿಯಾಗಿಯೇ ಇತ್ತು, ನಲವತ್ತು ವರ್ಷದ ಹಿಂದಿನವರೆಗೆ. ಆಗ ಊರಿಗೆ ಒಂದು ಆಸೆ ಹುಟ್ಟಿತು: ನಮ್ಮ ಗಂಟೆ ಪಕ್ಕದೂರಿಗೆ ಕೇಳಬೇಕು. ದೊಡ್ಡ ಗಂಟೆ ಎರಕ ಹೊಯ್ಯಿಸಿದರು. ಹದಿನಾಲ್ಕು ಎತ್ತು ಎಳೆದು ತಂದವು. ಬಡಗಣ ಬಾಗಿಲು ತೆರೆದು, ನೀರು ಚಿಮುಕಿಸಿ, ಗಂಟೆಗೂ ಹೆಸರಿಟ್ಟರು. ಗೋಪುರಕ್ಕೆ ಏರಿಸಿದರು. ಮೂರನೆಯ ಏಟಿಗೆ ಗೋಪುರ ನಿಟ್ಟುಸಿರು ಬಿಟ್ಟ ಹಾಗೆ ಒಂದು ಸದ್ದಾಯಿತು. ಬಾಗಿಲ ಕಮಾನಿನ ನೆತ್ತಿಯಿಂದ ಮೇಲಕ್ಕೆ ಒಂದು ಬಿರುಕು ಹಾವಿನಂತೆ ಹರಿಯಿತು. ಗಂಟೆಯನ್ನು ಇಳಿಸೋಣವೆಂದರೆ ಇಳಿಸುವಂತಿಲ್ಲ. ಹೆಸರಿಟ್ಟದ್ದನ್ನು ಜೀವಂತ ಹೊರಹಾಕುವುದು ಕೊಲೆ. ಹಾಗಾಗಿ ಗಂಟೆ ಉಳಿಯಿತು, ಬಾಗಿಲು ಹೋಯಿತು. ಆಗಿನ ಕಲ್ಲುಕುಟಿಗ ಬಾಗಿಲಿನ ಬಾಯಿಗೆ ಕಲ್ಲು ತುಂಬಿ ಗೋಡೆ ಎಬ್ಬಿಸಿದ. ಬಿರುಕಿನ ಎರಡು ದಡಗಳಿಗೆ ಅಡ್ಡಲಾಗಿ ಬೆರಳಗಲದ ಗಾಜಿನ ಪಟ್ಟಿಯೊಂದನ್ನು ಗಾರೆಯಲ್ಲಿ ಕೂರಿಸಿದ. ಬಿರುಕು ಕೂದಲೆಳೆಯಷ್ಟು ಜರುಗಿದರೂ ಗಾಜು ಒಡೆಯಬೇಕು. ಗಾಜು ಒಡೆಯಲಿಲ್ಲ. ಗೋಡೆ ಗೋಪುರವನ್ನು ಹೊತ್ತುಕೊಂಡಿದೆ ಎಂದು ಊರು ಕೈ ಮುಗಿಯಿತು.

ಅಂದಿನಿಂದ ಒಂದು ಮಗುವಿಗೂ ಹೆಸರಿಲ್ಲ. ಆ ಊರಲ್ಲಿ ಕೊನೆಯದಾಗಿ ಹೆಸರು ಪಡೆದದ್ದು ಗಂಟೆ. ಅದನ್ನೂ ಹೆದರಿ ಯಾರೂ ಬಾರಿಸಲಿಲ್ಲ. ಗಂಟೆಯವನು ಮಾತ್ರ ಶನಿವಾರ ಶನಿವಾರ ಹಗ್ಗಕ್ಕೆ ಎಣ್ಣೆ ಸವರಿ, ಎಳೆಯದೆ, ಮನೆಗೆ ಹೋಗುತ್ತಿದ್ದ.

ಹೆಸರಿಲ್ಲದೆ ಹೇಗೆ ನಡೆಯುತ್ತಿತ್ತು ಅನ್ನುತ್ತೀರಾ? ನಡೆಯುತ್ತಿತ್ತು. ಬಾವಿ ಮನೆಯವಳ ಎರಡನೆಯವ, ಉದ್ದನೆಯವನ ತಂಗಿ, ಎಡಗೈಯವಳು. ಸಂತೆಯಲ್ಲಿ ಯಾರಾದರೂ "ಏಯ್" ಎಂದರೆ ಅರ್ಧ ಸಂತೆ ತಿರುಗುತ್ತಿತ್ತು. ಅದಕ್ಕೇ ಈ ಕಥೆಯಲ್ಲಿ ಯಾರ ಹೆಸರನ್ನೂ ಹೇಳುವುದಿಲ್ಲ. ಅರ್ಧ ಊರಿಗೆ ಇಲ್ಲದ್ದನ್ನು ಉಳಿದರ್ಧಕ್ಕೆ ಕೊಡುವುದು ನ್ಯಾಯವಲ್ಲ.

ಗೋಡೆ ಕಟ್ಟಿದವನ ಮಗನೇ ಈಗಿನ ಕಲ್ಲುಕುಟಿಗ. ಐವತ್ತೆಂಟು ವರ್ಷ. ವರ್ಷಕ್ಕೊಮ್ಮೆ, ಕೊಯ್ಲು ಮುಗಿದ ಮೇಲೆ, ಊರು ಬಡಗಣ ಗೋಡೆಯ ಮುಂದೆ ಸೇರುತ್ತಿತ್ತು. ಅವನು ಸುಣ್ಣದ ಗಾರೆ ಕಲಸಿ ಗೋಡೆಗೆ ಹೊಸ ಗಿಲಾಯಿ ಬಳಿಯುತ್ತಿದ್ದ. ಆಮೇಲೆ ಒಬ್ಬೊಬ್ಬರಾಗಿ ಬಂದು ಹಸಿ ಗೋಡೆಗೆ ಅಂಗೈ ಒತ್ತಿ ಕೇಳಬೇಕು: "ಹೊತ್ತಿದ್ದೀಯಾ?" ಗೋಡೆಯ ಪರವಾಗಿ ಅವನು ಹೇಳಬೇಕು: "ಹೊತ್ತಿದ್ದೇನೆ." ಮುನ್ನೂರು ಅಂಗೈ, ಮುನ್ನೂರು ಸಲ. ಹೊತ್ತಿದ್ದೀಯಾ? ಹೊತ್ತಿದ್ದೇನೆ. ಸಂಜೆಯ ಹೊತ್ತಿಗೆ ಅವನ ದನಿ ಬಿದ್ದುಹೋಗಿರುತ್ತಿತ್ತು. ರಾತ್ರಿ ಊಟಕ್ಕೆ ಕೂತರೆ ಹೆಗಲು ನೋಯುತ್ತಿತ್ತು, ನಿಜವಾಗಿಯೂ.

ಅವನಿಗೆ ಒಬ್ಬಳೇ ಮಗಳು. ಮೂವತ್ತು ವರ್ಷದವಳು, ಹೆಸರಿಲ್ಲದವಳು. ಎರಡು ವರ್ಷದ ಹಿಂದೆ ಅವಳ ಮೊದಲ ಮಗು ಹೋಯಿತು. ಹೊಳೆಯಾಚೆ ಹೂತರು. ಅವಳು ಅಳಬಾರದೆಂದು ಬಾಯಿಗೆ ಬಟ್ಟೆ ಕೊಟ್ಟು ಕಚ್ಚಿಸಿದರು. ಬಟ್ಟೆ ಹಿಡಿದವನು ಇವನೇ, ಅಪ್ಪನೇ. ಆ ಬಟ್ಟೆಯನ್ನು ಅವಳು ಒಗೆಯಲಿಲ್ಲ, ಎಸೆಯಲೂ ಇಲ್ಲ. ಅಂದಿನಿಂದ ಅವಳು ಅಪ್ಪನ ಹತ್ತಿರ ಬೇಕಾದಷ್ಟೇ ಮಾತಾಡುತ್ತಿದ್ದಳು: ಉಪ್ಪು ಕೊಡಿ, ಬಾಗಿಲು ಹಾಕಿ, ಊಟಕ್ಕೆ ಬನ್ನಿ.

ಈಗ ಎರಡನೆಯದು. ಹೆಣ್ಣುಮಗು. ಗಂಡ ಕುರಿ ಹೊಡೆದುಕೊಂಡು ಮೇಲಿನ ಬೆಟ್ಟಕ್ಕೆ ಹೋದವನು ಇನ್ನೂ ಇಳಿದಿರಲಿಲ್ಲ. ಹನ್ನೊಂದನೆಯ ಬೆಳಿಗ್ಗೆ ಸೂಲಗಿತ್ತಿ ಮಗುವಿನ ಎದೆಗೆ ಕಿವಿಯಿಟ್ಟು ಬಹಳ ಹೊತ್ತು ಕೇಳಿದಳು. ಆಮೇಲೆ ಸೆರಗಿನಿಂದ ಕೈ ಒರೆಸಿಕೊಂಡು, "ದೀಪ ಹಚ್ಚುವ ತನಕ ಇದ್ದರೆ ಹೆಚ್ಚು" ಎಂದಳು.

ಮಗಳು ಮಗುವನ್ನೆತ್ತಿಕೊಂಡು ಅಪ್ಪನ ಕೋಣೆಗೆ ಬಂದಳು. ಅವನು ಉಳಿ ಮಸೆಯುತ್ತಿದ್ದ.

"ಅಪ್ಪಾ, ಗೋಡೆ ತೆಗಿ."

ಅವನು ತಲೆಯೆತ್ತಲಿಲ್ಲ. "ಗೋಪುರ ಬೀಳತ್ತಮ್ಮ."

"ಬೀಳಲಿ."

"ಊರು?"

"ಊರು ನನ್ನ ಬಾಯಿಗೆ ಬಟ್ಟೆ ತುರುಕಿತು. ಈ ಸಲ ನಾನು ಅಳಬೇಕು. ಕರೆದು ಅಳಬೇಕು. ಉಳಿಸಿಕೊಡು ಅಂತ ಕೇಳ್ತಿಲ್ಲ, ಅಷ್ಟು ಬುದ್ಧಿ ನನಗಿದೆ. ಹೆಸರಿಡಿಸಿಕೊಡು."

ಎರಡು ವರ್ಷದಲ್ಲಿ ಅವಳು ಅವನೊಡನೆ ಆಡಿದ ಅತಿ ಉದ್ದದ ಮಾತು ಅದು. ಅವನು ಉಳಿ ಕೆಳಗಿಟ್ಟ.

ಪಾದ್ರಿಗೆ ಎಂಬತ್ತು ದಾಟಿತ್ತು. ಗಂಟೆಗೆ ಹೆಸರಿಟ್ಟ ಕೈ ಅವರದೇ. ಕಲ್ಲುಕುಟಿಗ ಹೋದಾಗ ಒಣಗಿದ ಕಲ್ಲುತೊಟ್ಟಿಯೊಳಗಿನ ಜೇಡರ ಬಲೆಯನ್ನು ಬೆರಳಿನಿಂದ ಬಿಡಿಸುತ್ತಿದ್ದರು.

"ತೆಂಕಣ ಬಾಗಿಲನ್ನೇ ತೆರೆದಿಟ್ಟು ಹೆಸರಿಡಬಾರದೇ, ಪಾದ್ರಿಗಳೇ? ಬಾಗಿಲು ಬಾಗಿಲೇ ಅಲ್ಲವೇ?"

"ನಾನೂ ಮೊದಲ ಹತ್ತು ವರ್ಷ ದಿನಾ ಕೇಳಿಕೊಂಡೆ ಕಣಪ್ಪ. ಒಳಗಿಂದ ಏಳುವಂಥದ್ದು ಜನ ಬರುವ ಬಾಗಿಲಿನಿಂದ ಹೋದರೆ, ಎದುರು ಬಂದವರ ಮೈಗೆ ಹತ್ತಿಕೊಳ್ಳಲ್ವೇ? ಯಾರನ್ನು ನಿಲ್ಲಿಸಲಿ ಎದುರಿಗೆ?" ಅವರು ಬಲೆಯನ್ನು ಬೆರಳಿಗೆ ಸುತ್ತಿಕೊಂಡರು. "ನೀನು ಗೋಡೆ ತೆಗಿ, ನಾನು ಹೆಸರಿಡ್ತೀನಿ. ನೀನು ತೆಗೆಯಲಾರೆ, ನಾನು ಇಡಲಾರೆ. ನಲವತ್ತು ವರ್ಷದಿಂದ ಇದೇ ಪ್ರಾರ್ಥನೆ ನಮ್ಮದು."

ಕಲ್ಲುಕುಟಿಗ ಹೊರಗೆ ಬಂದು ಬಡಗಣ ಗೋಡೆಯ ಮುಂದೆ ನಿಂತ. ಎಷ್ಟೋ ಅಂಗೈಗಳ ಗುರುತು. ಮೇಲ್ಗಡೆಯ ಒಂದೆರಡು ಕಲ್ಲು ತೆಗೆದು ಒಳಗೆ ಮರದ ಆನಿಕೆ ಕೊಡಲು ಬಂದೀತೇ ಎಂದು ಯೋಚಿಸಿದ. ಏಣಿ ಹಾಕಿ ಹತ್ತಿದ. ಕಮಾನಿಗೂ ಗೋಡೆಗೂ ಸೇರುವ ಕಡೆ ಗಿಲಾಯಿಯನ್ನು ಉಳಿಯಿಂದ ಕೆರೆದ. ನಲವತ್ತು ಪದರ ಸುಣ್ಣ, ನಲವತ್ತೂ ಅವನದೇ. ಪದರ ಪದರವಾಗಿ ಉದುರಿತು. ಉದುರಿದ ಮೇಲೆ ಉಳಿಗೆ ಕಲ್ಲು ಸಿಗಲಿಲ್ಲ.

ಉಳಿ ಒಳಗೆ ಹೋಯಿತು.

ಅವನು ಸೊಂಟದಿಂದ ಚೂರಿ ತೆಗೆದು, ತೆಳ್ಳನೆಯ ಅಲಗನ್ನು ಆ ಸಂದಿನಲ್ಲಿಟ್ಟು ಎಡದಿಂದ ಬಲಕ್ಕೆ ಎಳೆದ. ಬೆಣ್ಣೆಯಲ್ಲಿ ಎಳೆದ ಹಾಗೆ ಬಂತು. ಕಮಾನಿನ ಈ ಕಾಲಿಂದ ಆ ಕಾಲಿನವರೆಗೆ, ಎಲ್ಲಿಯೂ ತಡೆಯದೆ. ಗೋಡೆ ಕಮಾನಿಗೆ ಒಂದು ಬೆರಳು ತಗ್ಗಿತ್ತು. ಸಂದಿನಿಂದ ಒಳಗಿನ ತಣ್ಣನೆ ಗಾಳಿ ಅವನ ಕಣ್ಣಿಗೆ ಬಡಿಯಿತು.

ಗೋಡೆ ಏನನ್ನೂ ಹೊತ್ತಿರಲಿಲ್ಲ. ಒಂದು ದಿನವೂ ಹೊತ್ತಿರಲಿಲ್ಲ. ಗೋಪುರ ಒಮ್ಮೆ ತುಸು ಕುಸಿದು, ಹಳೆಯ ಕಟ್ಟಡಗಳು ಮಾಡುವಂತೆ ತನ್ನಷ್ಟಕ್ಕೆ ತಾನೇ ಕೂತು, ಆ ದುಂಡು ಕಮಾನಿನ ಮೇಲೇ ಭಾರ ಹಾಕಿ ನಿಂತಿತ್ತು. ಕೊನೆಯ ಸಾಲು ಕೂರಿಸುವ ದಿನ ಅಪ್ಪ ತನ್ನನ್ನು ಹೊಳೆಗೆ ನೀರಿಗೆ ಕಳಿಸಿದ್ದು ಕಲ್ಲುಕುಟಿಗನಿಗೆ ನೆನಪಾಯಿತು. ಊರು ಗೋಡೆ ಬೇಕೆಂದು ಅತ್ತಿತು, ಅಪ್ಪ ಗೋಡೆ ಕೊಟ್ಟ. ಮೇಲೆ ಹತ್ತಿ ಮುಟ್ಟಿ ನೋಡಿದ ಮೊದಲನೆಯವನಿಗೇ ತಿಳಿಯುತ್ತದೆ, ಒಂದು ವರ್ಷದಲ್ಲಿ ನಗಾಡುತ್ತ ತೆಗೆದುಹಾಕುತ್ತಾರೆ ಎಂದುಕೊಂಡಿರಬೇಕು. ಆ ಚಳಿಗಾಲದಲ್ಲೇ ಅಪ್ಪ ಸತ್ತ. ಮುಟ್ಟಿ ನೋಡಬೇಕಾಗಿದ್ದವನು ವರ್ಷ ವರ್ಷ ಸುಣ್ಣ ಮೆತ್ತಿದ.

ಏಣಿಯ ಕೆಳಗೆ ಆಗಲೇ ಊರು ಸೇರಿತ್ತು. ಏಣಿ ಕಂಡರೆ ಸೇರದೆ ಇರುತ್ತದೆಯೇ?

"ಏನಯ್ಯಾ, ಈ ವರ್ಷ ಬೇಗ ಶುರು ಮಾಡಿದೆ?" ಎಂದ ಗಂಟೆಯವನು. "ಕೊಯ್ಲೇ ಮುಗಿದಿಲ್ಲ."

ಅವನು ಏಣಿಯ ಮೇಲಿಂದಲೇ ತಿರುಗಿ, "ಹೊತ್ತಿಲ್ಲ" ಎಂದ.

"ಏನು?"

"ಗೋಡೆ. ಹೊತ್ತಿಲ್ಲ. ಯಾವತ್ತೂ ಹೊತ್ತಿರಲಿಲ್ಲ. ಹತ್ತಿ ಬಂದು ಕೈ ಹಾಕಿ ನೋಡಿ."

ಯಾರೂ ಹತ್ತಲಿಲ್ಲ. ನೀವಾಗಿದ್ದರೆ ಕುಣಿದಾಡುತ್ತಿದ್ದಿರಿ ಎಂದುಕೊಳ್ಳುತ್ತೀರಿ. ಅವರೂ ಕುಣಿಯಬೇಕಾಗಿತ್ತು. ಆದರೆ ಗುಂಪಿನ ನಡುವಿನಿಂದ ಎಡಗೈಯವಳು ಮುಂದೆ ಬಂದಳು. ಅವಳ ಮೂವರು ಹೊಳೆಯಾಚೆ ಇದ್ದರು. ಅವಳು ಏಣಿಯ ಕಾಲನ್ನು ಹಿಡಿದುಕೊಂಡು ತೀರ ಮೆಲ್ಲನೆ ಕೇಳಿದಳು:

"ಹೊತ್ತಿಲ್ಲ ಅಂದ್ರೆ, ನಾನು ಮೂರು ಸಲ ಬಟ್ಟೆ ಕಚ್ಚಿದ್ದು ಯಾತಕ್ಕೆ?"

ಅವನು ಚೂರಿಯ ಸುಣ್ಣ ಒರೆಸಿ ಸೊಂಟಕ್ಕೆ ಸಿಕ್ಕಿಸಿದ.

"ಸುಳ್ಳು ಹೇಳ್ತಿದ್ದಾನೆ," ಎಂದ ಉದ್ದನೆಯವನು. "ಮೊಮ್ಮಗಳಿಗೋಸ್ಕರ ಹೇಳ್ತಿದ್ದಾನೆ. ಹೋದ ವರ್ಷ ನನ್ನ ಕೈಗೆ ಹೇಳಲಿಲ್ವೇನೋ, ಹೊತ್ತಿದ್ದೇನೆ ಅಂತ? ಆಗ ಸುಳ್ಳೋ, ಈಗ ಸುಳ್ಳೋ?"

"ಆಗ ಸುಳ್ಳು."

"ಹಾಗಾದ್ರೆ ಸುಳ್ಳುಗಾರನ ಮಾತು ಯಾಕೆ ನಂಬಲಿ?"

ಜನ ಏಣಿಯನ್ನು ಹಿಡಿದು ಅಲುಗಿಸಿದರು. ಕೆಲವರು ಗೋಡೆಗೆ ಬೆನ್ನು ಕೊಟ್ಟು ನಿಂತರು. ಕೆಲವರು ಅಂಗೈ ಒತ್ತಿ ಗೋಡೆಯನ್ನೇ ಕೇಳತೊಡಗಿದರು: ಹೊತ್ತಿದ್ದೀಯಾ? ಹೊತ್ತಿದ್ದೀಯಾ? ಉತ್ತರಿಸುವವನು ಏಣಿಯ ಮೇಲೆ ಬಾಯಿ ಮುಚ್ಚಿಕೊಂಡಿದ್ದ. ಹೊತ್ತಿದ್ದೀಯಾ? ದನಿಗಳು ಒಂದರ ಮೇಲೊಂದು ಬಿದ್ದವು. ಯಾರೂ ಬೈಯುತ್ತಿರಲಿಲ್ಲ, ಬೇಡುತ್ತಿದ್ದರು. ತಮ್ಮ ನಲವತ್ತು ವರ್ಷವನ್ನು ಬರಿಗೈಯಲ್ಲಿ ಹಿಂದಿರುಗಿಸಬೇಡ ಎಂದು ಒಂದು ಕಲ್ಲಿನ ರಾಶಿಯನ್ನು ಬೇಡುತ್ತಿದ್ದರು.

ಆಗ ಮಗಳು ಬಂದಳು. ಮಗುವನ್ನು ಬೆನ್ನಿಗೆ ಕಟ್ಟಿಕೊಂಡಿದ್ದಳು. ಕೈಯಲ್ಲಿ ಅಪ್ಪನ ದೊಡ್ಡ ಸುತ್ತಿಗೆ.

"ನಂಬೋರು ದಿಬ್ಬ ಹತ್ತಿ," ಎಂದಳು. "ನಂಬದೋರೂ ದಿಬ್ಬ ಹತ್ತಿ. ಹನ್ನೆರಡಕ್ಕೆ ನಾನು ಹೊಡೀತೀನಿ. ಇಲ್ಲಿ ನಿಂತಿರೋರ ಮೇಲೆ ಬಿದ್ರೆ ನನ್ನ ಕೇಳಬೇಡಿ."

ಅವಳ ಮುಖ ನೋಡಿದವರು ಒಬ್ಬೊಬ್ಬರಾಗಿ ಗೋಡೆ ಬಿಟ್ಟರು. ಒಲೆ ಆರಿಸಿದರು, ಕುರಿ ಬಿಚ್ಚಿದರು, ಹಾಸಿಗೆ ಸುತ್ತಿದರು. ಹಾಗೆ ಊರು ದಿಬ್ಬ ಹತ್ತಿತು. ನೀವು ಊಹಿಸಲಾರದೆ ಹೋದದ್ದು ಇದು. ಎಡಗೈಯವಳು ಕೊನೆಗೆ ಹೋದಳು, ಹೋಗುವಾಗ ಗೋಡೆಗೆ ಉಗಿದಳೋ ಮುತ್ತಿಟ್ಟಳೋ ತಿಳಿಯಲಿಲ್ಲ, ಬಾಯಿಯಂತೂ ತಾಗಿಸಿದಳು.

ಮೊದಲ ಏಟಿಗೆ ಗಿಲಾಯಿ ಹಾಳೆ ಹಾಳೆಯಾಗಿ ಬಿತ್ತು. ಎರಡನೆಯದಕ್ಕೆ ಒಂದು ಕಲ್ಲು ಒಳಕ್ಕೆ ಉರುಳಿತು. ಕಲ್ಲುಕುಟಿಗ ಏಣಿಯ ಮೇಲೆ ಗಾಜಿನ ಪಟ್ಟಿಗೆ ಮುಖ ತಾಗಿಸಿ ನಿಂತಿದ್ದ. ಅವನಿಗೆ ಸಂದು ಗೊತ್ತಿತ್ತು, ಚೂರಿ ಎಳೆದು ನೋಡಿದ್ದ. ಆದರೂ ಕಣ್ಣು ತೆಗೆಯಲಿಲ್ಲ. ಗಾಜಿನ ಮೇಲೆ ಅವನ ಉಸಿರು ಮಂಜಾಗಿ ಕಟ್ಟುತ್ತಿತ್ತು, ಒರೆಸುತ್ತಿದ್ದ, ಮತ್ತೆ ಕಟ್ಟುತ್ತಿತ್ತು.

"ಗಾಜು?" ಎಂದು ಕೆಳಗಿಂದ ಮಗಳು ಕೇಳುತ್ತಿದ್ದಳು.

"ಇದೆ."

ಏಟು.

"ಗಾಜು?"

"ಇದೆ."

ಏಟು. ಬೆನ್ನಿನ ಮೇಲೆ ಮಗು ಅಳಲಿಲ್ಲ. ಅಳುವಷ್ಟು ಉಸಿರು ಅದಕ್ಕಿರಲಿಲ್ಲ. ಸೂರ್ಯ ಗೋಪುರದ ಆಚೆಗೆ ವಾಲುವ ಹೊತ್ತಿಗೆ ಬಡಗಣ ಬಾಗಿಲಿನ ಹೊಸಿಲು ಕಾಣಿಸಿತು. ಆ ದುಂಡು ಕಮಾನು, ಬೆಳಕಿಗೆ ಹೆದರಿದವರು ಕಟ್ಟಿದ್ದು, ಹದಿನಾಲ್ಕು ಎತ್ತಿನ ಗಂಟೆಯನ್ನೂ ಗೋಪುರವನ್ನೂ ತನ್ನ ಬರಿಯ ಬಾಗಿನ ಮೇಲೆ ಎತ್ತಿಕೊಂಡು, ಖಾಲಿಯಾಗಿ ನಿಂತಿತ್ತು. ಗಾಜು ಇತ್ತು.

ಪಾದ್ರಿ ತೊಟ್ಟಿಗೆ ನೀರು ತುಂಬಿ ಕಾಯುತ್ತಿದ್ದರು. ಮಗುವನ್ನು ಕೈಗೆ ತೆಗೆದುಕೊಂಡರು. ಅವರು ಮರೆತಿರಲಿಲ್ಲ, ಒಂದೊಂದು ಮಾತೂ ನೆನಪಿತ್ತು.

"ಮಗುವಿನ ಹೆಸರೇನು?"

ಮಗಳು ಅಪ್ಪನ ಮುಖ ನೋಡಿದಳು. ಅಪ್ಪ ಮಗಳ ಮುಖ ನೋಡಿದ. ಗೋಡೆಯ ಯೋಚನೆಯಲ್ಲಿ, ಸುತ್ತಿಗೆಯ ಯೋಚನೆಯಲ್ಲಿ, ಹೆಸರನ್ನು ಯಾರೂ ಯೋಚಿಸಿರಲಿಲ್ಲ. ನಲವತ್ತು ವರ್ಷ ಹೆಸರಿಡದ ಊರಿನವರಷ್ಟೇ ಮಾಡಬಹುದಾದ ತಪ್ಪು.

"ನಿನ್ನಮ್ಮನ ಹೆಸರು…" ಎಂದು ಅವನು ಬಾಯಿ ತೆರೆದ.

"ಬೇಡ. ಅಮ್ಮನ ಹೆಸರು ಅಮ್ಮನ ಕಲ್ಲಿನ ಮೇಲಿದೆ. ಇವಳು ಹೋಗ್ತಾ ಇನ್ನೊಬ್ಬರದ್ದನ್ನ ಹೊತ್ಕೊಂಡು ಹೋಗೋದು ಬೇಡ." ಅವಳು ಬೆವರು ಒರೆಸಿಕೊಂಡಳು. "ಪಾದ್ರಿಗಳೇ, ಇವತ್ತು ಯಾವ ವಾರ?"

"ಗುರುವಾರ, ತಾಯಿ."

"ಆ ಹೆಸರನ್ನ ಯಾರಾದ್ರೂ ಇಟ್ಕೊಂಡಿದ್ದಾರಾ?"

ಪಾದ್ರಿ ಅಂಗಳದ ಗೋರಿಕಲ್ಲುಗಳನ್ನೆಲ್ಲ ಮನಸ್ಸಿನಲ್ಲೇ ಓದಿದಂತೆ ಕಣ್ಣು ಮುಚ್ಚಿದರು. "ಇಲ್ಲ. ನಾನು ಕಂಡ ಹಾಗೆ ಇಲ್ಲ."

"ಹಾಗಾದ್ರೆ ಅದು ಇವಳದು."

ನೀರು ಬಿತ್ತು. ತೊಟ್ಟಿಯ ಕಡೆಯಿಂದ ಬಡಗಣ ಬಾಗಿಲಿನತ್ತ ಒಂದು ಗಾಳಿ ಹೋಯಿತು. ಹೊಸಿಲ ಮೇಲಿನ ಸುಣ್ಣದ ಪುಡಿ ಎದ್ದು ಹೊರಗೆ ಹಾರಿತು. ಕಲ್ಲುಕುಟಿಗ ಬಾಗಿಲಿಗೆ ಅಡ್ಡವಾಗದಂತೆ ಗೋಡೆಗೆ ಅಂಟಿ ನಿಂತ. ಅಷ್ಟೇ. ಬೇರೇನೂ ಆಗಲಿಲ್ಲ. ಮಗು ಕಣ್ಣು ಬಿಟ್ಟು ಮಗುಚಿದ ಹಡಗಿನಂಥ ಆ ಮಾಡನ್ನು ಸ್ವಲ್ಪ ಹೊತ್ತು ನೋಡಿತು.

ಅದು ದೀಪ ಹಚ್ಚುವ ತನಕ ಇರಲಿಲ್ಲ.

ಪಾದ್ರಿ ಬಾಗಿಲಿಗೆ ಬಂದು ಕೈಸನ್ನೆ ಮಾಡಿದಾಗ ದಿಬ್ಬದ ಮೇಲಿಂದ ಗಂಟೆಯವನು ಓಡಿಬಂದ. ಹೆಸರಿದ್ದವರು ಸತ್ತರೆ ಗಂಟೆ ಬಾರಿಸಬೇಕಲ್ಲ. ನಲವತ್ತು ವರ್ಷ ಎಣ್ಣೆ ಸವರಿದ ಹಗ್ಗವನ್ನು ಎರಡೂ ಕೈಯಿಂದ ಹಿಡಿದು ಎಳೆದ. ಹಗ್ಗ ಮೇಲೆಲ್ಲೋ ಕೊಳೆತಿತ್ತು. ಪೂರ್ತಿ ಅವನ ತಲೆಯ ಮೇಲೆ ಸುರುಳಿ ಸುರುಳಿಯಾಗಿ ಬಿತ್ತು. ಅವನು ಅದರ ನಡುವೆ ಕೂತುಬಿಟ್ಟ.

ಗಂಟೆ ಮೊಳಗಲಿಲ್ಲ. ಕಲ್ಲುಕುಟಿಗ ಮಗಳ ಪಕ್ಕದಲ್ಲಿ ನಿಂತಿದ್ದ, ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಹಿಂದೆ ಕಟ್ಟಿಕೊಂಡಿದ್ದ. ಅವಳು ಬಡಗಣ ಬಾಗಿಲ ಮುಂದಿನ ಕಲ್ಲುರಾಶಿಯ ಮೇಲೆ ಕೂತಳು. ಮಗುವನ್ನು ಮಡಿಲಲ್ಲಿಟ್ಟುಕೊಂಡಳು. ಬಾಯಿ ತೆರೆದಳು. ಮೊದಲು ದನಿ ಬರಲಿಲ್ಲ. ಎರಡು ವರ್ಷದ ಹಿಂದಿನ ಬಟ್ಟೆ ಇನ್ನೂ ಅಲ್ಲೇ ಇದ್ದಂತಿತ್ತು. ಆಮೇಲೆ ಬಂತು.

"ಗುರುವಾರಾ," ಎಂದು ಕರೆದಳು. "ಗುರುವಾರಾ, ಏ ನನ್ನ ಗುರುವಾರಾ."

ದಿಬ್ಬಕ್ಕೆ ಕೇಳಿತು. ಪಕ್ಕದೂರಿಗೂ ಕೇಳಿತು ಅನ್ನುತ್ತಾರೆ. ಅಲ್ಲಿನವರು ಹೊಲದಲ್ಲಿ ಕುಡುಗೋಲು ನಿಲ್ಲಿಸಿ ಇತ್ತ ತಿರುಗಿದರಂತೆ. ದಿಬ್ಬದ ಮೇಲೆ ಎಡಗೈಯವಳು ಎದ್ದು ನಿಂತಳು. ಹೊಳೆಯಾಚೆ ಮುಖ ಮಾಡಿ ಬಾಯಿ ತೆರೆದಳು, ಕರೆಯಲು ಏನೂ ಇಲ್ಲದೆ ಹಾಗೇ ನಿಂತಳು. ಅವಳ ಹಿಂದೆ ಇನ್ನೊಬ್ಬರು ಎದ್ದರು. ಇನ್ನೊಬ್ಬರು. ಕೆಳಗೆ ಆ ಒಂದು ದನಿ ಮಾತ್ರ ಕರೆಯುತ್ತಲೇ ಇತ್ತು, ಕತ್ತಲಾಗುವ ತನಕ, ಎಲ್ಲರ ಪಾಲಿಗೂ ಅದೊಂದೇ ಹೆಸರನ್ನು.

ಇದಿಷ್ಟೂ ನಡೆದದ್ದು ಅಕ್ಟೋಬರ್ ತಿಂಗಳ ಹತ್ತೊಂಬತ್ತನೆಯ ತಾರೀಖು, ಗುರುವಾರ.